ಸತ್ತ ಎಚ್‌ಎಂಟಿ, ಬಚ್ಚಲ ಹಂಡೆ, ಪಂಪಿನ ಬುಷ್: ಹಳೇ ಸಾಮಾನಲ್ಲಿ ಕೀ ಕೊಡೋ ವಾಚ್ ಮಾಡೋಕೆ ಯಾವುದು ಆರಿಸ್ಬೇಕು

ಹೊಸನಗರದ ಕಡೆ ನಮ್ಮ ದೊಡ್ಡಪ್ಪನ ಹಳೇ ಮನೆ ಬಿಚ್ಚಿದಾಗ ಬಚ್ಚಲುಮನೆಯ ತಾಮ್ರದ ಹಂಡೆ ಅಂಗಳದಲ್ಲಿ ಮಗುಚಿ ಬಿದ್ದಿತ್ತು, ಹೊರಗೆಲ್ಲ ಮಸಿ, ತಳದಲ್ಲಿ ಒಂದು ತೂತು, ಗುಜರಿಯವನು ತಕ್ಕಡಿ ಹಿಡ್ಕೊಂಡು ನಿಂತಿದ್ದ. ದೊಡ್ಡಮ್ಮ "ನಾನು ಈ ಮನೆಗೆ ಬಂದ ದಿನದಿಂದ ಇದ್ರಲ್ಲೇ ಮಾರಾಯ ನೀರು ಕಾಯ್ಸಿದ್ದು" ಅಂದ್ರು. ಆ ಹಂಡೆಯ ಭುಜದ ಕಡೆಯಿಂದ ಅಂಗೈ ಅಗಲದ ಒಂದು ತುಂಡು ಕತ್ತರಿಸಿ ಇಟ್ಕೊಂಡೆ, ಉಳಿದಿದ್ದು ಗುಜರಿಗೆ ಹೋಯ್ತು. ಆ ತುಂಡೇ ಈಗ ನನ್ನ ಕೈಲಿರೋ ವಾಚಿನ ಡಯಲ್ಲು. ಅದಾದ್ಮೇಲೆ ಇನ್ನೂ ನಾಕು ಮಾಡ್ದೆ, ಎರಡು ಚೆನ್ನಾಗಿ ಬಂತು, ಎರಡು ಕೆಟ್ಟೋಯ್ತು. ಶಿವಮೊಗ್ಗದಲ್ಲಿ, ತೀರ್ಥಹಳ್ಳೀಲಿ ಒಂದಿಬ್ರು ಹುಡುಗ್ರು "ನಾವೂ ಮಾಡ್ಬೇಕು, ಯಾವ ಮಷೀನು ಹಾಕ್ಬೇಕು, ಯಾವ ಲೋಹ ತಗೋಬೇಕು" ಅಂತ ಕೇಳ್ತಿರ್ತಾರೆ, ಅದಕ್ಕೇ ನಾನು ನೋಡಿದ್ದು ಮಾಡಿದ್ದು ಎಲ್ಲ ಪಕ್ಕಪಕ್ಕ ಇಟ್ಟು ಬರೀತಿದೀನಿ.

ಮೊದ್ಲೇ ಒಂದು ಮಾತು. ಎಲ್ರೂ ಡಯಲ್ ಇಂದ ಶುರು ಮಾಡ್ತಾರೆ, ಯಾಕಂದ್ರೆ ಕಣ್ಣಿಗೆ ಕಾಣೋದು ಅದು. ನಾನೂ ಹಂಗೇ ಮಾಡಿದ್ದು. ಆದ್ರೆ ಮೊದ್ಲು ಮಷೀನು (ವಾಚ್ ಓಡಿಸೋ ಒಳಗಿನ ಯಂತ್ರ) ಆರಿಸ್ಕೋಬೇಕು, ಆಮೇಲೆ ಕೇಸು (ಅದು ಕೂರೋ ಹೊರಗಿನ ಚಿಪ್ಪು), ಆಮೇಲೆ ಡಯಲ್ಲು. ಮಷೀನಿನ ಅಗಲ ಎಷ್ಟು, ದಪ್ಪ ಎಷ್ಟು, ಕೀ ಕಡ್ಡಿ (ಕೀಯಿಂದ ಮಷೀನೊಳಗೆ ಹೋಗೋ ಸಣ್ಣ ಉಕ್ಕಿನ ಕಡ್ಡಿ) ಎಷ್ಟು ಎತ್ತರದಲ್ಲಿ ಹೊರಗೆ ಬರುತ್ತೆ ಅನ್ನೋದ್ರ ಮೇಲೆ ಉಳಿದಿದ್ದೆಲ್ಲ ನಿಂತಿರೋದು. ಮತ್ತೆ ಆ ಮಷೀನು ನಿಮ್ಮೂರಲ್ಲಿ ಯಾರಿಗಾದ್ರೂ ಬಿಚ್ಚೋಕೆ ಬರುತ್ತಾ ನೋಡಿ. ಎಷ್ಟು ಚಂದ ಮಾಡಿದ್ರೂ ಆರೇಳು ವರ್ಷಕ್ಕೆ ಒಂದ್ಸಲ ಬಿಚ್ಚಿ ತೊಳೆದು ಎಣ್ಣೆ ಹಾಕಲೇಬೇಕು, ಅದನ್ನ ಮಾಡೋ ಕೈ ಹತ್ತಿರದಲ್ಲಿಲ್ಲ ಅಂದ್ರೆ ವಾಚು ಗೋದ್ರೇಜ್ ಬೀರುಲಿ ಮಲಗುತ್ತೆ.

ಮಷೀನು: ಹಳೇದಾ, ಹೊಸದಾ

ನಮ್ಮ ಕಡೆ ಹಳೇ ಮಷೀನು ಅಂದ್ರೆ ಎಚ್‌ಎಂಟಿನೇ. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿ ಸಹಕಾರದಲ್ಲಿ ಬೆಂಗಳೂರಲ್ಲಿ ಶುರುವಾದ ಕಾರ್ಖಾನೆ, ಆಮೇಲೆ ತುಮಕೂರಲ್ಲೂ ಒಂದು ಬಂತು, ಮಲೆನಾಡಿನ ಯಾವ ಮನೇಲಿ ನೋಡಿದ್ರೂ ಒಂದು ಜನತಾನೋ ಪೈಲಟ್ಟೋ ಸೋನಾನೋ ಇದ್ದೇ ಇರೋದು, ಮದುವೆಗೆ ಅಳಿಯನಿಗೆ ಕಾಂಚನ ಕೊಡಿಸಿದ್ದನ್ನ ಇವತ್ತಿಗೂ ಹೇಳ್ಕೋತಾರೆ. ಎಚ್‌ಎಂಟಿ ವಾಚಸ್ ಕಂಪನಿ ಮುಚ್ಚೋಕೆ 2016ರ ಜನವರೀಲಿ ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟಿತು. ಕಂಪನಿ ಹೋದ್ರೂ ಮಷೀನುಗಳು ಎಲ್ಲಿಗೂ ಹೋಗಿಲ್ಲ. ಜನತಾ, ಪೈಲಟ್ ತರದ ವಾಚಲ್ಲಿರೋ 0231 ಮಷೀನು 17 ಜ್ಯುವೆಲ್ಲಿಂದು (ಚಕ್ರದ ತುದಿ ಸವೆಯದಂಗೆ ಕೂರಿಸೋ ಸಣ್ಣ ಹರಳು), ಗಂಟೆಗೆ 18,000 ಬಡಿತ, ಅಂದ್ರೆ ಸೆಕೆಂಡಿಗೆ ಐದು ಟಿಕ್. ಕಿವಿ ಹತ್ರ ಇಟ್ಕೊಂಡ್ರೆ ಒಂದೊಂದು ಬಡಿತಾನೂ ಬಿಡಿಬಿಡಿಯಾಗಿ ಕೇಳುತ್ತೆ. ಸುಮಾರು 26 ಮಿಲಿಮೀಟರ್ ಅಗಲ, ಪೂರ್ತಿ ಕೀ ಕೊಟ್ರೆ ಒಂದೂವರೆ ದಿನ ಆರಾಮಾಗಿ ಓಡುತ್ತೆ. ಡಯಲ್ ಮೇಲೆ ಪ್ಯಾರಾ ಶಾಕ್ ಅಂತ ಬರೆದಿರುತ್ತಲ್ಲ, ಅದು ವಾಚು ಬಿದ್ದಾಗ ಬ್ಯಾಲೆನ್ಸ್ ಚಕ್ರದ (ಆ ಕಡೆ ಈ ಕಡೆ ತೂಗಿ ಟಿಕ್ ಕೊಡೋ ಚಕ್ರ) ಸೂಜಿ ತುದಿ ಮುರೀದೇ ಇರ್ಲಿ ಅಂತ ಕೊಟ್ಟಿರೋ ಸ್ಪ್ರಿಂಗ್ ವ್ಯವಸ್ಥೆ, ದಿನಾ ಹಾಕ್ಕೊಳ್ಳೋ ವಾಚಿಗೆ ಇದು ಬೇಕೇ ಬೇಕು.

ಎಚ್‌ಎಂಟಿ ತಗೊಳೋರಿಗೆ ನನ್ನದೊಂದು ಕಳಕಳಿಯ ಮಾತು, ದಯವಿಟ್ಟು ಓಡ್ತಿರೋ ಪೂರ್ತಿ ವಾಚನ್ನ ಬಿಚ್ಚಬೇಡಿ. ಡಯಲ್ ಒರಿಜಿನಲ್ ಇದೆ, ಮುಳ್ಳು ಒರಿಜಿನಲ್ ಇದೆ, ಕೇಸ್ ಗಟ್ಟಿ ಇದೆ ಅಂದ್ರೆ ಅದು ತಾನಾಗೇ ಒಂದು ಪೂರ್ತಿ ವಾಚು, ತೊಳೆಸಿ ಎಣ್ಣೆ ಹಾಕಿಸಿ ಹಾಕ್ಕೊಳ್ಳಿ, ಅದರ ಹೊಟ್ಟೆ ಬಗೆದು ಹೊಸದು ಮಾಡೋದ್ರಲ್ಲಿ ಅರ್ಥ ಇಲ್ಲ. ನಮಗೆ ಬೇಕಾಗಿರೋದು ಕೇಸ್ ತಿಂದುಹೋಗಿರೋದು, ಡಯಲ್ಲಿಗೆ ನೀರು ನುಗ್ಗಿ ಅಕ್ಷರ ಅಳಿಸಿಹೋಗಿರೋದು, ಇಲ್ಲಾ ಯಾರೋ ಕೆಟ್ಟ ಬಣ್ಣ ಹೊಡೆದು ಹೊಸ ಡಯಲ್ ಅಂತ ಕೂರಿಸಿರೋದು. ಅಂಥವು ರಿಪೇರಿ ಅಂಗಡಿಗಳ ಡಬ್ಬದಲ್ಲಿ ಬೇಕಾದಷ್ಟು ಬಿದ್ದಿರ್ತವೆ. ಶಿವಮೊಗ್ಗದಲ್ಲಿ ನಾನು ಹೋಗೋ ರಿಪೇರಿ ಸಾಬ್ರು ಹತ್ರ ಒಂದು ಹಳೇ ಬಿಸ್ಕತ್ ಡಬ್ಬಿ ಇದೆ, ಅದನ್ನ ಬಟ್ಟೆ ಮೇಲೆ ಸುರಿದು "ಆರಿಸ್ಕೋ ತಮ್ಮಾ, ಆದ್ರೆ ಮೊದ್ಲು ಕೀ ಕಡ್ಡಿ ಎಳೆದು ನೋಡು" ಅಂತಾರೆ. ಅದ್ಯಾಕೆ ಅಂದ್ರೆ, ನಮ್ಮ ಮಳೆಗೆ ನೀರು ಒಳಗೆ ಹೋಗೋದು ಹೆಚ್ಚಾಗಿ ಕೀ ಇರೋ ಕಡೆಯಿಂದ. ಕಡ್ಡಿ ಕೆಂಪಾಗಿ ತುಕ್ಕು ಹಿಡಿದಿದ್ರೆ ಒಳಗಡೆ ಟೈಮ್ ಸೆಟ್ ಮಾಡೋ ಸಣ್ಣ ಚಕ್ರಗಳೂ ಹೋಗಿರ್ತವೆ. ಕಡ್ಡಿ ಬೆಳ್ಳಗಿದ್ರೆ ಆಮೇಲೆ ಬ್ಯಾಲೆನ್ಸ್ ನೋಡಿ, ಮೆಲ್ಲಗೆ ಅಲುಗಿಸಿದ್ರೆ ಸಲೀಸಾಗಿ ಆ ಕಡೆ ಈ ಕಡೆ ತೂಗಬೇಕು, ಅದರ ಹೇರ್‌ಸ್ಪ್ರಿಂಗ್ (ಕೂದಲಷ್ಟು ತೆಳು ಸುರುಳಿ ಸ್ಪ್ರಿಂಗ್) ಸುತ್ತುಗಳು ಒಂದಕ್ಕೊಂದು ತಾಗದೆ ಚಕ್ಕುಲಿ ತರ ಸಮವಾಗಿ ಇರಬೇಕು. ಸ್ಕ್ರೂ ತಲೆಗಳು ಕಿತ್ತೋಗಿದ್ರೆ ಎಷ್ಟು ಜನ ಕೈ ಹಾಕಿದಾರೆ ಅಂತ ಗೊತ್ತಾಗುತ್ತೆ. ಮೂರು ಸತ್ತ ಮಷೀನು ತಗೊಂಡ್ರೆ ಒಂದು ಒಳ್ಳೇದಾಗುತ್ತೆ ಅನ್ನೋ ಲೆಕ್ಕ ಇಟ್ಕೊಳ್ಳಿ, ಉಳಿದೆರಡು ಪಾರ್ಟ್ಸಿಗೆ.

ಹೊಸ ಮಷೀನಿಗೆ ಬಂದ್ರೆ ಜನ ಹೆಚ್ಚು ಹಾಕೋದು ಸೀಕೋದವರ ಎನ್‌ಎಚ್‌35, ಇಲ್ಲಾ ಸಿಟಿಜನ್ನಿನ ಮಿಯೋಟಾ 8215. ಎರಡೂ ಆಟೋಮ್ಯಾಟಿಕ್, ಕೈ ಅಲ್ಲಾಡಿದ್ರೆ ತಾನೇ ಕೀ ಆಗುತ್ತೆ, ಎರಡೂ ಗಂಟೆಗೆ 21,600 ಬಡಿತ, ಸುಮಾರು 40 ಗಂಟೆ ಓಟ. ಎನ್‌ಎಚ್‌35 ಅಗಲ 27.4 ಮಿ.ಮೀ, ದಪ್ಪ 5.32. ಮಿಯೋಟಾ ಅಗಲ 26, ದಪ್ಪ 5.67. ಇಬ್ರೂ ಕಾಗದದ ಮೇಲೆ ಹೇಳೋದು ದಿನಕ್ಕೆ 20 ಸೆಕೆಂಡ್ ಹಿಂದೆಯಿಂದ 40 ಸೆಕೆಂಡ್ ಮುಂದೆವರೆಗೆ ಅಂತ, ನಿಜದಲ್ಲಿ ಚೆನ್ನಾಗಿ ಅಡ್ಜಸ್ಟ್ ಮಾಡಿದ್ರೆ ಇನ್ನೂ ಚೆನ್ನಾಗೇ ಓಡ್ತವೆ. ನಾನಾದ್ರೆ ಎನ್‌ಎಚ್ ಕಡೆಗೇ ವಾಲ್ತೀನಿ, ಕೀ ಎಳೆದ್ರೆ ಸೆಕೆಂಡ್ ಮುಳ್ಳು ನಿಲ್ಲುತ್ತೆ, ಕೈಯಿಂದಲೂ ಕೀ ಕೊಡಬಹುದು, ಅದಕ್ಕೆ ಹೊಂದೋ ಮುಳ್ಳು ಕಡ್ಡಿ ಎಲ್ಲ ಸಿಗುತ್ತೆ. ತಾರೀಖು ಬೇಡ ಅಂದ್ರೆ ಎನ್‌ಎಚ್‌38 ತಗೊಳ್ಳಿ, ಕಿಟಕಿ ಇಲ್ಲದ ಡಯಲ್ಲಿಗೆ ತಾರೀಖಿನ ಮಷೀನು ಹಾಕಿದ್ರೆ ಕೀ ಎಳೆದಾಗ ಸುಮ್ನೆ ಒಂದು ಖಾಲಿ ಹಂತ ಉಳ್ಕೊಳುತ್ತೆ.

ಕಷ್ಟ ಎಲ್ಲಿ ಅಂದ್ರೆ ದಪ್ಪ. ಐದೂ ಚಿಲ್ಲರೆ ಮಿಲಿಮೀಟರ್ ಮಷೀನಿಗೆ ಕೇಸ್ ಕಟ್ಟಿ ಗ್ಲಾಸ್ ಕೂರಿಸಿದ್ರೆ ವಾಚು 11, 12 ಮಿ.ಮೀ ದಾಟುತ್ತೆ, ಐವತ್ತು ಅರವತ್ತರ ದಶಕದ ಆ ತೆಳು ನೋಟ ಸಿಗಲ್ಲ. ಹಳೇ ಕಾಲದ ಚಂದ ಬೇಕು ಅನ್ನೋರಿಗೆ ತಿರುಗೋ ರೋಟರ್ (ಕೈ ಅಲ್ಲಾಡಿದಾಗ ತಿರುಗಿ ತಾನೇ ಕೀ ಕೊಡೋ ತೂಕ) ಇಲ್ಲದ ಕೀ ಮಷೀನೇ ಸರಿ.

ಮೂರನೇದು ದೊಡ್ಡ ಮಷೀನು. ಸ್ವಿಸ್ಸಿನ ಯೂನಿಟಾಸ್ 6497, 6498, ಮೂಲದಲ್ಲಿ ಜೇಬುಗಡಿಯಾರದ ಮಷೀನು, 36.6 ಮಿ.ಮೀ ಅಗಲ, 4.5 ದಪ್ಪ. 6497ರಲ್ಲಿ ಸಣ್ಣ ಸೆಕೆಂಡ್ ಮುಳ್ಳು ಒಂಬತ್ತರ ಜಾಗದಲ್ಲಿ, 6498ರಲ್ಲಿ ಆರರ ಜಾಗದಲ್ಲಿ ಬರುತ್ತೆ. ಇದೇ ವಿನ್ಯಾಸದ ಚೀನಾ ಮಷೀನು ಸೀಗಲ್ ಕಂಪನಿದು ಕಮ್ಮಿ ದುಡ್ಡಿಗೆ ಸಿಗುತ್ತೆ. ಕಲಿಯೋರಿಗೆ ಇದರಷ್ಟು ಒಳ್ಳೇ ಮೇಷ್ಟ್ರು ಇಲ್ಲ, ಭಾಗಗಳೆಲ್ಲ ದೊಡ್ಡವು, ಕಣ್ಣಿಗೆ ಲೂಪ್ (ವಾಚ್ ರಿಪೇರಿಯವರ ಭೂತಗನ್ನಡಿ) ಹಾಕಿದ್ರೆ ಪ್ರತಿ ಹಲ್ಲೂ ಕಾಣುತ್ತೆ. ಆದ್ರೆ ಕೇಸು 41, 42 ಮಿ.ಮೀ ಆಗೇ ಆಗುತ್ತೆ, ಸಣ್ಣ ಕೈಯೋರಿಗೆ ತಟ್ಟೆ ಕಟ್ಟಿದಂಗೆ. ಅಜ್ಜನ ಕಾಲದ ನಿಜವಾದ ಜೇಬುಗಡಿಯಾರದ ಮಷೀನು ಸಿಕ್ತು, ಅದನ್ನೇ ಕೈಗೆ ಕಟ್ತೀನಿ ಅಂತ ಕೆಲವ್ರು ಬರ್ತಾರೆ. ಬಹಳ ಹಳೇದಕ್ಕೆ ಶಾಕ್ ರಕ್ಷಣೆ ಇರಲ್ಲ, ಒಂದ್ಸಲ ಕಲ್ಲಿನ ಮೇಲೆ ಬಿದ್ರೆ ಬ್ಯಾಲೆನ್ಸ್ ಸೂಜಿ ಮುರೀತು ಅಂತಲೇ. ಅದನ್ನ ಹಬ್ಬಕ್ಕೆ ಮದುವೆಗೆ ಮಾತ್ರ ಇಟ್ಕೊಳ್ಳಿ, ತೋಟಕ್ಕೆ ಹಾಕ್ಕೊಂಡು ಹೋಗ್ಬೇಡಿ.

ಕೇಸು: ಪಂಪಿನ ಬುಷ್ಷಿನ ಕಥೆ

ಕೇಸಿಗೆ ಜನ ಮೊದ್ಲು ಯೋಚ್ನೆ ಮಾಡೋದು ಹಿತ್ತಾಳೆ ಚೊಂಬು, ತಾಮ್ರದ ಬಿಂದಿಗೆ. ಅದು ಆಗಲ್ಲ ಮಾರಾಯ್ರೇ, ಪಾತ್ರೆಗಳೆಲ್ಲ ತಗಡು, ಒಂದು ಒಂದೂವರೆ ಮಿಲಿಮೀಟರ್ ದಪ್ಪ, ಅದ್ರಲ್ಲಿ ಗ್ಲಾಸ್ ಕೂರೋಕೆ ಮೆಟ್ಟಿಲು, ಕವರ್ ಕೂರೋಕೆ ಮೆಟ್ಟಿಲು, ಕೀಗೆ ತೂತು ಎಲ್ಲ ಎಲ್ಲಿಂದ ಕೊರೀತೀರಾ? ಕರಗಿಸಿ ಎರಕ ಹೊಯ್ತೀನಿ ಅಂದ್ರೆ ಹಿತ್ತಾಳೇಲಿರೋ ಸತು ಹೊಗೆಯಾಗಿ ಏಳುತ್ತೆ, ಆ ಹೊಗೆ ಕುಡಿದ್ರೆ ಜ್ವರ ಬರುತ್ತೆ, ಎರಕದಲ್ಲಿ ಗುಳ್ಳೆ ಬಿದ್ರೆ ಎಲ್ಲ ವ್ಯರ್ಥ. ಮನೇಲಿ ಮಾಡೋ ಕೆಲ್ಸ ಅಲ್ಲ.

ನಂಗೆ ದಾರಿ ಸಿಕ್ಕಿದ್ದು ಲೇತ್ ಅಂಗಡೀಲಿ. ಆಟೋ ಕಾಂಪ್ಲೆಕ್ಸ್ ಕಡೆ ನನ್ನ ಗೆಳೆಯ ಒಬ್ಬ ಹಳೇ ನೀರಿನ ಪಂಪ್ ಬಿಚ್ಚಿ ಹೊಸ ಬುಷ್ (ಶಾಫ್ಟ್ ತಿರುಗೋಕೆ ಕೂರಿಸೋ ಲೋಹದ ಬಳೆ) ಹಾಕ್ತಿದ್ದ, ಸವೆದ ಗನ್‌ಮೆಟಲ್ ಬುಷ್ ಮೂಲೆಗೆ ಎಸೆದ. ಎತ್ಕೊಂಡು ನೋಡ್ತೀನಿ, ದಪ್ಪ ಗೋಡೆಯ ಬಳೆ, ನಡುವೆ ಆಗ್ಲೇ ತೂತು, ಹೊರಗೆ ಕಪ್ಪು ಗ್ರೀಸು, ಉಗುರಲ್ಲಿ ಕೆರೆದ್ರೆ ಒಳಗೆ ಜೇನಿನ ಬಣ್ಣ. ಗನ್‌ಮೆಟಲ್ ಅಂದ್ರೆ ಕಂಚಿನ ಜಾತಿ, ತಾಮ್ರಕ್ಕೆ ತವರ, ಸ್ವಲ್ಪ ಸತು ಸೇರಿಸಿದ್ದು. ನೀರಲ್ಲೇ ಬದುಕೋಕೆ ಅಂತ ಮಾಡಿರೋ ಲೋಹ. ವಾಚ್ ಕೇಸ್ ಅಂದ್ರೆ ಕೊನೆಗೂ ಒಂದು ಬಳೆ ತಾನೆ, ಅದು ಬಳೆಯಾಗೇ ಸಿಕ್ತು! ಹಳೇ ರೈಸ್ ಮಿಲ್ಲು, ಕಬ್ಬಿನ ಗಾಣ, ಪಂಪ್‌ಸೆಟ್ಟು, ಎಲ್ಲಿ ದಪ್ಪ ಶಾಫ್ಟ್ ತಿರುಗ್ತಿತ್ತೋ ಅಲ್ಲಿ ಇಂಥದ್ದು ಹುಡುಕಿ. ಹೊರ ಅಗಲ 40 ಮಿ.ಮೀ ಆದ್ರೂ ಇರ್ಲಿ, ಒಳ ತೂತು 26 ದಾಟಿರಬಾರದು, ದಾಟಿದ್ರೆ ಮಷೀನು ಕೂರೋಕೆ ಅಂಚು ಉಳಿಯಲ್ಲ.

ಲೇತಲ್ಲಿ ಒಳಗಡೆ ತಿರುವೋದು ಕಷ್ಟ ಅಲ್ಲ, ಒಳ್ಳೇ ಟರ್ನರ್ ಅರ್ಧ ದಿನದಲ್ಲಿ ಮಾಡ್ಕೊಡ್ತಾನೆ. ಜೀವ ತಿನ್ನೋದು ಕೀ ಕಡ್ಡಿಯ ತೂತು. ನನ್ನ ಎರಡನೇ ಕೇಸಲ್ಲಿ ಆ ತೂತು ಒಂದು ಮಿಲಿಮೀಟರಿನ ಮೂರನೇ ಒಂದು ಭಾಗ ಮೇಲೆ ಬಿತ್ತು. ಕಣ್ಣಿಗೆ ಎಂತದೂ ಗೊತ್ತಾಗ್ಲಿಲ್ಲ. ಕೀ ಕೊಡೋವಾಗ ಸ್ವಲ್ಪ ಬಿಗಿ ಅನ್ನಿಸ್ತು, ಹೊಸದಲ್ವಾ ಸರಿಹೋಗುತ್ತೆ ಅಂದ್ಕೊಂಡೆ, ಹದಿನೈದು ದಿನಕ್ಕೆ ಕಡ್ಡಿ ಒಳಗೇ ಮುರೀತು. ತಿಂಗಳ ಕೆಲ್ಸ ಹೋಯ್ತು. ಆಮೇಲೆ ಗೊತ್ತಾಗಿದ್ದು ಏನಂದ್ರೆ ಮೊದ್ಲು ಮಷೀನನ್ನ ಕೇಸಲ್ಲಿ ಕೂರಿಸಿ, ಡಯಲ್ ಸಮೇತ ಕೂರಿಸಿ, ಡಯಲ್ ಕೂರೋ ಮೆಟ್ಟಿಲಿಂದ ಕಡ್ಡಿಯ ನಡುವಿನವರೆಗೆ ವರ್ನಿಯರಲ್ಲಿ (ಸೂಕ್ಷ್ಮ ಅಳತೆಯ ಸಾಧನ) ಮೂರು ಸಲ ಅಳೆದು, ಆ ಎತ್ತರಕ್ಕೆ ಮೊದ್ಲು ಒಂದು ಅಲ್ಯೂಮಿನಿಯಂ ತುಂಡಲ್ಲಿ ತೂತು ಹಾಕಿ ಸರಿ ಇದೆಯಾ ನೋಡಿ ಆಮೇಲೆ ಬುಷ್ಷಿಗೆ ಕೈ ಹಾಕ್ಬೇಕು.

ಬೆಲ್ಟ್ ಕಟ್ಟೋ ಕಾಲುಗಳು ಬಳೇಲಿ ಇರಲ್ಲ, ಅದಕ್ಕೆ ನಾನು ಆರಿಸಿದ್ದು ತಂತಿ ಕಾಲು. ಮೊದಲ ಮಹಾಯುದ್ಧದ ಹೊತ್ತಿಗೆ ಜೇಬುಗಡಿಯಾರದಂಥ ಕೇಸಿಗೆ ಎರಡು ತಂತಿ ಬಳೆ ಬೆಸೆದು ಕೈಗೆ ಕಟ್ತಿದ್ರು, ಟ್ರೆಂಚ್ ವಾಚ್ ಅಂತಾರೆ. ದಪ್ಪ ತಂತಿ ಬಗ್ಗಿಸಿ ಬೆಳ್ಳಿ ಬೆಸುಗೆ ಹಾಕಿದ್ರೆ ಆಯ್ತು, ನೋಟಾನೂ ಆ ಕಾಲದ್ದೇ ಬರುತ್ತೆ. ಬೆಸುಗೆ ಎಲ್ಲ ಮುಗಿಸಿ, ತೊಳೆದು, ಒಣಗಿಸಿ, ಆಮೇಲಷ್ಟೇ ಮಷೀನು ಹತ್ರ ತನ್ನಿ. ಫ್ಲಕ್ಸ್ (ಬೆಸುಗೆ ಹಿಡೀಲಿ ಅಂತ ಹಚ್ಚೋ ರಾಸಾಯನಿಕ) ಸ್ವಲ್ಪ ಉಳಿದ್ರೂ ಅದರ ಆವಿಗೆ ಒಳಗಿನ ಉಕ್ಕಿನ ಸ್ಕ್ರೂಗಳೆಲ್ಲ ಕೆಂಪಾಗ್ತವೆ.

ಗನ್‌ಮೆಟಲ್ಲಿನ ಒಂದು ತೊಂದ್ರೆ ಕಿಲುಬು. ಬೆವರಿಗೆ ಕೈ ಹಸಿರಾಗುತ್ತೆ. ಹಿಂದಿನ ಕವರ್ ಮಾತ್ರ ಸ್ಟೇನ್‌ಲೆಸ್ ಸ್ಟೀಲ್ ಹಾಕಿ, ಯಾವ ಫ್ಯಾಬ್ರಿಕೇಶನ್ ಶೆಡ್ಡಲ್ಲೂ ಒಂದು ಮಿ.ಮೀ ಶೀಟಿನ ತುಂಡು ಬಿದ್ದಿರುತ್ತೆ. ಬಳೆ ಅಂಚು ಮಾತ್ರ ಚರ್ಮಕ್ಕೆ ತಾಗುತ್ತೆ, ಅದನ್ನ ವಾರಕ್ಕೊಂದ್ಸಲ ಒರೆಸಿದ್ರೆ ಸಾಕು. ಹೊರಗಡೆ ಬಣ್ಣ ತಿರುಗೋದನ್ನ ನಾನು ತಡೆಯಲ್ಲ, ಆರು ತಿಂಗಳಿಗೆ ಹಳೇ ದೇವಸ್ಥಾನದ ಗಂಟೆ ಬಣ್ಣ ಬರುತ್ತೆ.

ಹಳೇ ಎಚ್‌ಎಂಟಿ ಕೇಸನ್ನೇ ಮತ್ತೆ ಹಾಕ್ತೀನಿ ಅನ್ನೋರಿಗೆ, ಸುಮಾರು ಕೇಸುಗಳು ಹಿತ್ತಾಳೆ ತರದ ಲೋಹದ ಮೇಲೆ ಕ್ರೋಮ್ ಲೇಪ, ಬೆಲ್ಟ್ ಕಾಲುಗಳ ಒಳಮೈಲಿ ಬೆವರು ತಿಂದು ಗುಳಿ ಬಿದ್ದಿರುತ್ತೆ. ಗುಳಿ ಕಮ್ಮಿ ಇದ್ರೆ ಕ್ರೋಮ್ ಪೂರ್ತಿ ತೆಗೆಸಿ ಬರೀ ಲೋಹಕ್ಕೆ ಪಾಲಿಶ್ ಹಾಕಿ, ಹಳದಿ ಮೈ ಚೆನ್ನಾಗಿ ಕಾಣುತ್ತೆ, ಮಷೀನು ಅದರದ್ದೇ ಜಾಗಕ್ಕೆ ಕೂರುತ್ತೆ, ಕೀ ತೂತಿನ ತಲೆನೋವಿಲ್ಲ. ಮೊದಲನೇ ವಾಚಿಗೆ ನಾನು ಇದನ್ನೇ ಹೇಳೋದು. ರೆಡಿಮೇಡ್ 316ಎಲ್ (ತುಕ್ಕು ಸುಲಭಕ್ಕೆ ಹಿಡಿಯದ ಸ್ಟೇನ್‌ಲೆಸ್ ಜಾತಿ) ಸ್ಟೀಲ್ ಕೇಸು ಮಳೆಗೆ ಎಲ್ಲಕ್ಕಿಂತ ಗಟ್ಟಿ, ಆದ್ರೆ ಅದು ಹೊಸ ಸಾಮಾನು, ಹಳೇದರ ಪಾಲು ಬರೀ ಡಯಲ್ಲಿಗೆ ಉಳಿಯುತ್ತೆ.

ಮರದ ಕೇಸು ಬೇಡ. ನೂರು ವರ್ಷದ ತೇಗದ ತೊಲೆ ಆದ್ರೂ ಆಷಾಢದಲ್ಲಿ ನೀರು ಹೀರುತ್ತೆ, ಶಿವರಾತ್ರಿಗೆ ಬಿಡುತ್ತೆ, ಆ ಉಸಿರಾಟಕ್ಕೆ ಗ್ಲಾಸ್ ಸಡಿಲ ಆಗುತ್ತೆ. ಒಳಗೆ ಲೋಹದ ಬಳೆ ಇಟ್ಟು ಹೊರಗೆ ಮರ ಹೊದಿಸಿದ್ರೆ ಮಾತ್ರ ನಿಲ್ಲುತ್ತೆ. ಬೀಟೆ, ಗಂಧದ ವಿಷಯದಲ್ಲಿ ಕಾನೂನು ಬಿಗಿ ಇದೆ, ಹಳೇ ಮನೇದು ಅಂದ್ರೂ ಎಲ್ಲಿಂದ ಬಂತು ಅನ್ನೋದಕ್ಕೆ ಕಾಗದ ಇಟ್ಕೊಳ್ಳಿ, ಮಾರೋ ಯೋಚ್ನೆ ಇದ್ರಂತೂ ಅರಣ್ಯ ಇಲಾಖೇಲಿ ಕೇಳಿಕೊಂಡೇ ಮುಂದೆ ಹೋಗಿ. ಬೀಟೆ ಸೇರೋ ಡಾಲ್ಬರ್ಜಿಯಾ ಕುಲದ ಮರಗಳೆಲ್ಲ 2017ರಿಂದ ಅಂತರರಾಷ್ಟ್ರೀಯ ವ್ಯಾಪಾರದ ನಿಯಂತ್ರಣದಲ್ಲಿವೆ.

ಡಯಲ್ಲು: ತಾಮ್ರ, ಮರ, ಹಾಳೆ

ವಾಚಿನ ಡಯಲ್ ಎಷ್ಟು ತೆಳು ಅಂತ ಕೈಗೆ ತಗೊಂಡ್ರೇ ಗೊತ್ತಾಗೋದು, 0.4 ಮಿಲಿಮೀಟರ್. ಅದಕ್ಕಿಂತ ದಪ್ಪ ಆಗ್ತಾ ಹೋದ್ರೆ ಗಂಟೆ ಮುಳ್ಳಿಗೆ ಕಚ್ಚೋಕೆ ಜಾಗ ಸಾಲಲ್ಲ, ಮುಳ್ಳುಗಳು ಒಂದಕ್ಕೊಂದು ತಾಗ್ತವೆ. ನನ್ನ ಹಂಡೆ ತುಂಡು ಒಂದು ಕಡೆ 1.1, ಇನ್ನೊಂದು ಕಡೆ 1.4 ಇತ್ತು, ಕೈಯಲ್ಲಿ ತಟ್ಟಿ ಮಾಡಿದ ಹಂಡೆ ಅಲ್ವಾ. ಹುಣಸೆಹಣ್ಣು ಉಪ್ಪು ಹಾಕಿ ಉಜ್ಜಿ ಮಸಿ ಬಿಡಿಸಿ ಗಾಂಧಿ ಬಜಾರಿನ ಒಬ್ಬ ಅಕ್ಕಸಾಲಿಗರ ಹತ್ರ ತಗೊಂಡೋದೆ, ಅವ್ರ ಹತ್ರ ಚಿನ್ನದ ತಗಡು ಎಳೆಯೋ ರೋಲಿಂಗ್ ಮಷೀನ್ ಇದೆ. ಎರಡು ರೋಲರ್ ನಡುವೆ ಒಂದ್ಸಲ ಹೋದ್ರೆ ಸ್ವಲ್ಪ ತೆಳು, ಸ್ವಲ್ಪ ಉದ್ದ, ಜೊತೆಗೆ ತಾಮ್ರ ಗಟ್ಟಿಯಾಗ್ತಾ ಬರುತ್ತೆ. ಮೂರ್ನಾಕು ಸಲಕ್ಕೆ ಅಂಚಲ್ಲಿ ಕೂದಲಷ್ಟು ಸೀಳು ಕಾಣ್ತು, ತಕ್ಷಣ ಅವ್ರು ನಿಲ್ಲಿಸಿ ಬೆಂಕಿಗೆ ಹಿಡಿದು ಕೆಂಪಗೆ ಕಾಯಿಸಿ ನೀರಿಗೆ ಹಾಕಿದ್ರು, ಮತ್ತೆ ಬಾಳೆಎಲೆ ತರ ಮೆತ್ತಗಾಯ್ತು. ಹಿಂಗೇ ಐದು ಸುತ್ತು. ಕೊನೇಲಿ 0.4ಕ್ಕೆ ಬಂದಾಗ ಆ ಅಂಗೈ ಅಗಲದ ತುಂಡು ಗೇಣುದ್ದ ದಾಟಿದ ಪಟ್ಟಿ ಆಗಿತ್ತು, ಮೂರು ಡಯಲ್ಲಿಗೆ ಆಗೋಷ್ಟು. ಸುತ್ತಿಗೆ ಪೆಟ್ಟಿನ ಗುರುತೆಲ್ಲ ಅಳಿಸಿಹೋಯ್ತು ಅಂತ ಬೇಜಾರಾಯ್ತು, ಆದ್ರೆ ಕಾಯಿಸಿದಾಗ ತಾಮ್ರದ ಮೈಮೇಲೆ ಬಣ್ಣ ಏಳುತ್ತಲ್ಲ, ಮೊದ್ಲು ಕಿತ್ತಳೆ, ಆಮೇಲೆ ನೇರಳೆ, ಆಮೇಲೆ ನೀಲಿ ಛಾಯೆ, ಅದನ್ನ ನೋಡಿದ್ಮೇಲೆ ಸಮಾಧಾನ ಆಯ್ತು. ಹಂಚಿನ ಮೇಲೆ ಮರಳು ಹಾಕಿ ಸಣ್ಣ ಉರೀಲಿ ಕಾಯಿಸಿ, ಬೇಕಾದ ಬಣ್ಣ ಬಂದ ಕೂಡಲೇ ತೆಗೀಬೇಕು, ಎರಡು ಸೆಕೆಂಡ್ ತಡ ಆದ್ರೆ ಕಪ್ಪು. ತಣ್ಣಗಾದ್ಮೇಲೆ ತೆಳ್ಳಗೆ ಲ್ಯಾಕರ್ (ಪಾರದರ್ಶಕ ವಾರ್ನಿಷ್).

ಉಪ್ಪು, ವಿನೆಗರ್, ಅಮೋನಿಯಾದಲ್ಲಿ ಹಸಿರು ಬಣ್ಣ ಬರಿಸೋರಿದಾರೆ, ನೋಡೋಕೆ ಚಂದ, ಆದ್ರೆ ಆ ಹಸಿರು ಪುಡಿ ಉದುರುತ್ತೆ, ಉಪ್ಪು ಒಳಗೇ ಕೂತು ತೇವ ಎಳೀತಾ ಇರುತ್ತೆ. ಮಾಡ್ಲೇಬೇಕು ಅಂದ್ರೆ ಅಡುಗೆ ಸೋಡಾ ನೀರಲ್ಲಿ ಚೆನ್ನಾಗಿ ತೊಳೆದು, ಒಂದು ವಾರ ಒಣಗಿಸಿ, ಎರಡು ಕೈ ಲ್ಯಾಕರ್ ಹೊಡೀರಿ. ನನಗೆ ಕೇಳಿದ್ರೆ ಬೆಂಕಿ ಬಣ್ಣವೇ ಮೇಲು.

ಹಿತ್ತಾಳೆ ತಾಮ್ರಕ್ಕಿಂತ ಗಟ್ಟಿ, ಬಗ್ಗಲ್ಲ, ಅಂಕಿ ಕೆತ್ತೋಕೆ ಒಳ್ಳೇದು. ಕಂಚಿನ ಬಟ್ಟಲು ರೋಲಿಂಗಿಗೆ ಕೊಡಬೇಡಿ, ತವರ ಜಾಸ್ತಿ ಇರೋದ್ರಿಂದ ಹಪ್ಪಳದ ತರ ಒಡೆಯುತ್ತೆ.

ಮರದ ಡಯಲ್ ಆಸೆ ಎಲ್ರಿಗೂ ಇರುತ್ತೆ, ನನಗೂ ಇತ್ತು. ಹಲಸಿನ ಮರದ ಅರಿಶಿನ ಬಣ್ಣ, ಬೈನೆ ಮರದ ಕಪ್ಪು ನಾರಿನ ಗೆರೆಗಳು, ನಿಜಕ್ಕೂ ಡಯಲ್ಲಿಗೆ ಹೇಳಿ ಮಾಡಿಸಿದಂಗಿವೆ. 0.4ಕ್ಕೆ ಬರೀ ಮರ ನಿಲ್ಲಲ್ಲ, 0.2ರ ಹಿತ್ತಾಳೆ ತಗಡಿಗೆ 0.2 ಮರದ ಪದರ ಅಂಟಿಸಿ ಉಜ್ಜಬೇಕು, ಆ ಕೆಲ್ಸಕ್ಕೆ ಕೈ ಪಳಗಿರಬೇಕು. ಅಡಿಕೆ ಹಾಳೇಲಿ ಒಂದು ಮಾಡಿದ್ದೆ, ಬೇಸಿಗೇಲಿ ಎಷ್ಟು ಚೆನ್ನಾಗಿತ್ತು ಅಂದ್ರೆ ನೋಡಿದೋರೆಲ್ಲ ಕೇಳೋರು, ಆ ಸಣ್ಣ ಸಣ್ಣ ಗೆರೆ, ಕೆನೆ ಬಣ್ಣ. ಜುಲೈಲಿ ಆಗುಂಬೆ ಕಡೆ ಒಂದು ಮದುವೆ ಮನೆಗೆ ಹಾಕ್ಕೊಂಡು ಹೋದೆ, ಎರಡನೇ ದಿನ ಬೆಳಿಗ್ಗೆ ವಾಚು ನಿಂತಿದೆ. ನೋಡಿದ್ರೆ ಹಾಳೆ ಮೂರರ ಕಡೆ ಎದ್ದು ಸೆಕೆಂಡ್ ಮುಳ್ಳನ್ನ ಹಿಡ್ಕೊಂಡಿತ್ತು. ಹಾಳೆ ಬಿಡ್ಬೇಕು ಅನ್ಸಲ್ಲ ಅನ್ನೋರು ಅದನ್ನ ಡಯಲ್ಲಿಗೆ ಬೇಡ, ವಾಚ್ ಇಡೋ ಡಬ್ಬಿಯ ಒಳಮೈಗೆ ಹಾಕಿ.

ಇದೊಂದನ್ನ ದಯವಿಟ್ಟು ಗಮನ ಇಟ್ಟು ಓದಿ. ಗುಜರೀಲಿ, ಹಳೇ ಪೆಟ್ಟಿಗೇಲಿ ಐವತ್ತರ ದಶಕದ, ಅದಕ್ಕೂ ಹಿಂದಿನ ಸ್ವಿಸ್ ವಾಚುಗಳು ಸಿಗ್ತವೆ, ಅಂಕಿ ಮೇಲೆ ಕಂದು ತಿರುಗಿದ ಉಬ್ಬು ಬಣ್ಣ ಇರುತ್ತೆ, ಕತ್ತಲೇಲಿ ಹೊಳೀಲಿ ಅಂತ ಹಾಕಿದ್ದು. ಅದು ನಿಜವಾದ ರೇಡಿಯಂ, ಗಾಡಿಗೆ ಅಂಟಿಸೋ ರೇಡಿಯಂ ಸ್ಟಿಕ್ಕರ್ ಅಲ್ಲ. ಹೊಳೆಯೋದು ನಿಂತುಹೋಗಿದ್ರೂ ವಿಕಿರಣ ಹೋಗಿರಲ್ಲ, ರೇಡಿಯಂ ಅರ್ಧ ಆಗೋಕೇ 1600 ವರ್ಷ ಬೇಕು. ಆ ಡಯಲ್ ಕೆರೆಯೋದು, ಮುಳ್ಳಿಂದ ಬಣ್ಣ ಉದುರಿಸೋದು, ಊದೋದು ಯಾವುದೂ ಮಾಡ್ಬೇಡಿ, ಆ ಪುಡಿ ಮೂಗಿಗೆ ಹೋದ್ರೆ ದೇಹದಲ್ಲಿ ಮೂಳೆಗೆ ಸೇರುತ್ತೆ. ಅಂಥದ್ದು ಸಿಕ್ರೆ ಬಿಚ್ಚದೆ ಹಂಗೇ ಇಡಿ, ಪಾರ್ಟ್ಸಿಗೆ ಬೇರೇದು ಹುಡುಕಿ. ಡಯಲ್ಲಿನ ಕೆಳಗಡೆ ಟಿ ಸ್ವಿಸ್ ಟಿ ಅಂತ ಇದ್ರೆ ಅದು ಆಮೇಲೆ ಬಂದ ಟ್ರಿಟಿಯಂ (ದುರ್ಬಲ ವಿಕಿರಣದ ಇನ್ನೊಂದು ಹೊಳೆಯೋ ಬಣ್ಣ), ಅಷ್ಟು ಅಪಾಯ ಇಲ್ಲ, ಆದ್ರೂ ಕೆರೆಯೋದು ಬೇಡ.

ಮುಳ್ಳು, ಗ್ಲಾಸು, ಬೆಲ್ಟು

ಮುಳ್ಳು ಸ್ವಂತ ಮಾಡೋ ಆಸೆ ಇದ್ರೆ ಹಳೇ ಗೋಡೆ ಗಡಿಯಾರದ ಮುರಿದ ಸ್ಪ್ರಿಂಗ್ ಒಳ್ಳೇ ಉಕ್ಕು, ಕಾಯಿಸಿ ಮೆತ್ತಗೆ ಮಾಡಿ ಗರಗಸದಲ್ಲಿ ಕೊಯ್ದು, ಅರದಲ್ಲಿ ತೀಡಿ, ಪಾಲಿಶ್ ಮಾಡಿ, ಹಿತ್ತಾಳೆ ಪುಡಿ ಮೇಲಿಟ್ಟು ಕಾಯಿಸಿದ್ರೆ ಸುಮಾರು 300 ಡಿಗ್ರಿ ಹತ್ರ ನವಿಲಿನ ಕತ್ತಿನ ನೀಲಿ ಬರುತ್ತೆ. ಮೊದಲ ವಾಚಿಗೆ ಇದು ಬೇಡ, ಮಷೀನಿನ ಜೊತೆ ಬಂದ ಹಳೇ ಮುಳ್ಳೇ ಹಾಕಿ, ತೂತಿನ ಅಳತೆ ಸರಿಯಾಗಿರುತ್ತೆ. ಗ್ಲಾಸ್ ವಿಷಯದಲ್ಲಿ ಯೋಚ್ನೆನೇ ಬೇಡ, ಹಳೇ ನೋಟಕ್ಕೆ ಉಬ್ಬಿದ ಆಕ್ರಿಲಿಕ್, ಗೀರು ಬಿದ್ರೆ ಟೂತ್‌ಪೇಸ್ಟ್ ಹಾಕಿ ಬಟ್ಟೇಲಿ ಉಜ್ಜಿದ್ರೆ ಹೋಗುತ್ತೆ, ಬಿದ್ರೆ ಚೂರಾಗಿ ಮುಳ್ಳಿನ ಮೇಲೆ ಉದುರಲ್ಲ. ಸಫೈರ್ ಗೀರಲ್ಲ, ನಿಜ, ಆದ್ರೆ ದುಬಾರಿ, ಹೊಳಪೂ ಹೊಸ ಕಾಲದ್ದು.

ಬೆಲ್ಟಿಗೆ ಹಳೇ ಚರ್ಮದ ಚೀಲ, ಸೊಂಟದ ಬೆಲ್ಟು ಕೊಯ್ದು ಹೊಲಿದ್ರೆ ಚಂದ ಬರುತ್ತೆ, ನವೆಂಬರಿಂದ ಮೇವರೆಗೆ. ಮಳೆ ಹಿಡೀತು ಅಂದ್ರೆ ನಮ್ಮಲ್ಲಿ ಚಪ್ಪಲಿಗೆ ಬೂಸರು ಬರೋ ಹಂಗೆ ಬೆಲ್ಟಿಗೂ ಬರುತ್ತೆ, ಮುಗ್ಗಲು ವಾಸನೆ ಹೋಗಲ್ಲ. ಹಳೇ ಕ್ಯಾನ್ವಾಸ್ ಚೀಲದ ಪಟ್ಟಿ ಒಗೆದು ಒಣಗಿಸಬಹುದು, ಒಲೆ ಹತ್ರ ತೂಗುಹಾಕಿದ್ರೆ ರಾತ್ರಿ ಕಳೆಯೋದ್ರಲ್ಲಿ ಒಣಗುತ್ತೆ. ತಂತಿ ಕಾಲಿನ ಕೇಸಿಗೆ ಕೆಳಗಿಂದ ತೂರಿಸೋ ಒಂದೇ ಪಟ್ಟಿ ಬೇಕು, ಅದಕ್ಕೂ ಕ್ಯಾನ್ವಾಸೇ ಸಲೀಸು, ಮತ್ತೆ ಕೈಗೂ ಗನ್‌ಮೆಟಲ್ಲಿಗೂ ನಡುವೆ ಬಟ್ಟೆ ಬರೋದ್ರಿಂದ ಹಸಿರಾಗೋದೂ ತಪ್ಪುತ್ತೆ. ನಾನು ಎರಡೂ ಇಟ್ಕೊಂಡಿದೀನಿ, ಮಳೆಗಾಲಕ್ಕೆ ಕ್ಯಾನ್ವಾಸು, ದೀಪಾವಳಿ ಆದ್ಮೇಲೆ ಚರ್ಮ.

ಯಾರಿಗೆ ಯಾವುದು

ದಿನಾ ತೋಟ, ಗದ್ದೆ, ಬೈಕು ಅಂತ ಓಡಾಡೋರು ಎನ್‌ಎಚ್‌38, ರೆಡಿಮೇಡ್ ಸ್ಟೀಲ್ ಕೇಸು, ಹಂಡೆ ತಾಮ್ರದ ಡಯಲ್ ಮಾಡ್ಕೊಳ್ಳಿ, ಹಳೇದು ಡಯಲ್ಲಲ್ಲಿ ಮಾತ್ರ ಇರುತ್ತೆ, ಆದ್ರೆ ವಾಚು ಮಳೇಲಿ ಉಳಿಯುತ್ತೆ. ಅಪ್ಪನದೋ ಮಾವನದೋ ಕೆಟ್ಟುಹೋದ ಎಚ್‌ಎಂಟಿ ಮನೇಲಿ ಇದೆ ಅನ್ನೋರು ಮೊದ್ಲು ರಿಪೇರಿಯವರಿಗೆ ತೋರಿಸಿ, ಅದು ಹಂಗೇ ಎದ್ದು ಕೂರೋದಾದ್ರೆ ಎಬ್ಬಿಸಿ, ಮತ್ತೆ ಡಯಲ್ ಕೇಸ್ ಎರಡೂ ಹೋಗಿದ್ರೆ ಮಾತ್ರ ಮಷೀನು ತೆಗೀರಿ. ಕೈಕೆಲಸದ ಹುಚ್ಚಿರೋರು, ಲೇತ್ ಗೊತ್ತಿರೋ ಗೆಳೆಯ ಇರೋರು 0231 ಮತ್ತೆ ಗನ್‌ಮೆಟಲ್ ಬುಷ್ ಹಿಡೀರಿ, ಆರು ತಿಂಗಳು ಅಂತ ಮನಸ್ಸಲ್ಲಿ ಇಟ್ಕೊಳ್ಳಿ. ಮಷೀನು ಒಳಗಡೆ ಹೆಂಗೆ ನಡೆಯುತ್ತೆ ಅಂತ ಕಲಿಯೋದೇ ಮುಖ್ಯ ಅನ್ನೋ ಪಾಲಿಟೆಕ್ನಿಕ್ ಹುಡುಗ್ರು ಹುಡ್ಗೀರಿಗೆ 6497, ಹಿಂದೆ ಗ್ಲಾಸ್ ಕವರ್ ಹಾಕಿ.

ಯಾವುದೇ ಮಾಡಿ, ಮಷೀನು ಕೂರಿಸಿ ಕೊನೇ ಸಲ ಮುಚ್ಚೋದು ಮಾತ್ರ ಬಿಸಿಲಿರೋ ಮಧ್ಯಾಹ್ನ ಮಾಡಿ. ಮಳೆ ದಿನ ಮುಚ್ಚಿದ್ರೆ ಆ ತೇವದ ಗಾಳೀನೇ ಒಳಗೆ ಸಿಕ್ಕಿಕೊಂಡು ಮರುದಿನ ತಣ್ಣನೆ ನೀರಲ್ಲಿ ಕೈ ತೊಳೆದ ಕೂಡಲೇ ಗ್ಲಾಸ್ ಒಳಗೆ ಮಂಜು ಕಟ್ಟುತ್ತೆ. ಮುಚ್ಚೋ ಹಿಂದಿನ ರಾತ್ರಿ ಮಷೀನು, ಕೇಸು ಎರಡನ್ನೂ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಸ್ಟೀಲ್ ಡಬ್ಬೀಲಿ ಇಡಿ, ಕವರಿನ ರಬ್ಬರ್ ರಿಂಗಿಗೆ ಒಂಚೂರು ಸಿಲಿಕೋನ್ ಗ್ರೀಸ್ ಸವರಿ. ಕೀ ಒಳಗಿನ ರಿಂಗನ್ನ ಮರೀಬೇಡಿ, ಆಗ್ಲೇ ಹೇಳಿದ್ನಲ್ಲ, ನೀರಿನ ದಾರಿ ಅದೇ.

ಮತ್ತೆ ಮುಚ್ಚೋ ಮುಂಚೆ ಕವರಿನ ಒಳಮೈಗೆ ಸೂಜೀಲಿ ಬರೀರಿ. ಹಳೇ ವಾಚು ಬಿಚ್ಚಿದ್ರೆ ಅಲ್ಲಿ ಸಣ್ಣ ಸಣ್ಣ ಗೀಚು ಕಾಣುತ್ತಲ್ಲ, ರಿಪೇರಿ ಮಾಡಿದೋರು ತಿಂಗಳು ವರ್ಷ ಗೀಚಿ ಇಡ್ತಿದ್ರು, ಮುಂದಿನ ಸಲ ಬಿಚ್ಚೋನಿಗೆ ಎಣ್ಣೆ ಯಾವಾಗಿನದು ಅಂತ ಗೊತ್ತಾಗ್ಲಿ ಅಂತ. ನನ್ನ ಕವರಲ್ಲಿ ನಾನು ಬರೆದಿದ್ದು ಮೂರು ಸಾಲು, ಮಷೀನು ಯಾವ್ದು, ಬುಷ್ ಎಲ್ಲಿದು, ಡಯಲ್ಲು ಯಾರ ಮನೆ ಹಂಡೆ. ಸಾಬ್ರು ಅದನ್ನ ಲೂಪ್ ಹಾಕ್ಕೊಂಡು ಓದಿ, ತಮ್ಮ ಸೂಜಿ ತಗೊಂಡು ಕೆಳಗೆ ಉರ್ದೂಲಿ ಒಂದು ಅಕ್ಷರ, ಪಕ್ಕದಲ್ಲಿ ತಿಂಗಳು ವರ್ಷ ಗೀಚಿದ್ರು, "ಇನ್ನು ಆರು ವರ್ಷಕ್ಕೆ ತಗೊಂಬಾ" ಅಂತ ಕವರ್ ಒತ್ತಿ ಕೊಟ್ರು.